ಉಸಿರಿಗೆ ಇಟ್ಟ ಕಿಟಕಿ

ಆ ಭಾನುವಾರ ನಮ್ಮ ಯಜಮಾನರು ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಮನೆಗೆ ಬಂದರು. ಅವರು ಸಿಟಿ ಬಸ್ಸಿನ ಕಂಡಕ್ಟರ್. ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಹೋಗಿ ಬರುವ ಬಸ್ಸು. ಹಲಸೂರು ಕೆರೆಯ ಹಿಂದಿನ ಗಲ್ಲಿಯಲ್ಲಿದ್ದ ನಮ್ಮ ಬಾಡಿಗೆ ಮನೆಯ ಬಾಗಿಲಲ್ಲಿ ನಿಂತು, ದಿನವೂ ಮಾಡುವ ಹಾಗೆ ಕೂಗಿದರು.

"ಹಲಸೂರು ಕೆರೆ, ಹಲಸೂರು ಕೆರೆ. ಯಾರ್ರೀ ಇಳಿಯೋರು, ಬೇಗ ಇಳೀರಿ."

"ಇಳಿಯೋರು ಯಾರೂ ಇಲ್ಲ, ಹತ್ತೋರೊಬ್ರು ಇದಾರೆ, ಕಾಲು ತೊಳ್ಕೊಂಡು ಹತ್ತಿ," ಎಂದು ನಾನು ಅಡುಗೆಮನೆಯಿಂದಲೇ ಹೇಳಿದೆ. ಮಗಳು ನಂದಿನಿ ಪುಸ್ತಕದಿಂದ ತಲೆ ಎತ್ತಲಿಲ್ಲ. ಈ ನಾಟಕ ಅವಳಿಗೆ ಹುಟ್ಟಿದಾಗಿನಿಂದ ಗೊತ್ತು.

ಅವರ ದನಿ ಕೆಲವು ತಿಂಗಳಿಂದ ಒಡೆದಿತ್ತು. ಕೇಳಿದರೆ, "ಕಂಡಕ್ಟರ್ ಗಂಟಲು ಕಣೇ ಸಿಸ್ಟರಮ್ಮಾ. ಸಂಗೀತ ಹಾಡ್ಬೇಕಾ ನಾನು? ವಿಷಲ್ ಊದಕ್ಕೆ ಬಂದ್ರೆ ಸಾಕು," ಎನ್ನುತ್ತಿದ್ದರು. ಆದರೂ ಬರುವ ಗುರುವಾರ ರಜೆ ಹಾಕಿ ನಮ್ಮ ಆಸ್ಪತ್ರೆಯ ಡಾಕ್ಟರ್ ಮೇಡಂಗೆ ತೋರಿಸಲು ಒಪ್ಪಿದ್ದರು. ಅವತ್ತು ಮುದ್ದೆ, ಸೊಪ್ಪಿನ ಸಾರು. ಊಟ ಮಾಡಿ ಮಲಗಿದರು. ಸಂಜೆ ಕೆರೆಯ ಕಡೆ ನಡೆದು ಹೋಗಿ ಬರುವಾಗ ಬೇಕರಿಯಿಂದ ದಿಲ್‌ಪಸಂದ್ ತಂದರು. ಅಷ್ಟೇ. ಆ ದಿನದಲ್ಲಿ ವಿಶೇಷ ಏನೂ ಇರಲಿಲ್ಲ.

ನಾನು ಕಂಟೋನ್ಮೆಂಟಿನ ಒಂದು ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಕಿವಿ, ಮೂಗು, ಗಂಟಲು ವಿಭಾಗದ ನರ್ಸ್ ಆಗಿದ್ದೆ. ನಿವೃತ್ತಿಯಾದ ಮೇಲೆ ಅಲ್ಲಿಗೆ ಹೊಸದಾಗಿ ಸೇರಿದ ಕೆಲವು ಹುಡುಗಿಯರು, "ಸಿಸ್ಟರ್, ಎಮರ್ಜೆನ್ಸಿಯಲ್ಲಿ ಕುತ್ತಿಗೆಗೆ ಟ್ಯೂಬ್ ಹಾಕೋದು ಅಂದ್ರೆ ನಮ್ಗೆ ಕೈ ನಡುಗತ್ತೆ, ನಿಮ್ಗೂ ಹಾಗಾಗ್ತಿತ್ತಾ?" ಎಂದು ಕೇಳಿದರು. ಆಗುತ್ತಿತ್ತು. ಕೊನೆಯವರೆಗೂ ಆಯಿತು. ಆ ಕೆಲಸದ ಬಗ್ಗೆ ನನಗೆ ತಿಳಿದದ್ದನ್ನು ಅವರಿಗಾಗಿ ಬರೆಯುತ್ತಿದ್ದೇನೆ. ಮನೆಯ ಮಾತಿನಿಂದ ಶುರುವಾಯಿತು, ಯಾಕೆಂದರೆ ನನ್ನ ಮಟ್ಟಿಗೆ ಎರಡೂ ಬೇರೆಯಾಗಿ ಉಳಿಯಲಿಲ್ಲ.

ನಾನು ಮೊದಲು ಆ ಆಪರೇಷನ್ ನೋಡಿದ್ದು ತೊಂಬತ್ತರ ದಶಕದ ಆರಂಭದಲ್ಲಿ. ಶಿವಾಜಿನಗರದ ಒಬ್ಬ ಯುವಕ, ಟೈಲರ್. ಹುಳುಕು ಹಲ್ಲಿನಿಂದ ಕೀವು ಇಳಿದು ದವಡೆಯ ಕೆಳಗೆಲ್ಲ ಹಲಗೆಯಂತೆ ಬಾತುಕೊಂಡಿತ್ತು. ನಾಲಿಗೆ ಮೇಲಕ್ಕೆ ತಳ್ಳಿಕೊಂಡು ಬಾಯಿ ಮುಚ್ಚಲು ಆಗುತ್ತಿರಲಿಲ್ಲ. ಕೈಗಳನ್ನು ಮಂಡಿಯ ಮೇಲೆ ಊರಿ, ಮುಂದಕ್ಕೆ ಬಾಗಿ ಕೂತಿದ್ದ. ಮಲಗಿಸಲು ಹೋದರೆ ನಮ್ಮನ್ನು ತಳ್ಳುತ್ತಿದ್ದ. ಪ್ರತಿ ಉಸಿರಿಗೂ ಗರಗಸ ಎಳೆದಂಥ ಸದ್ದು. ಅವನು ಮಲಗಿ ನಿದ್ದೆ ಮಾಡಿ ಎಷ್ಟೋ ದಿನವಾಗಿದೆ ಎಂದು ಅವನ ತಾಯಿ ಹೇಳಿದರು.

ನಮ್ಮ ವಿಭಾಗದ ಮುಖ್ಯಸ್ಥೆ ಡಾಕ್ಟರ್ ಪ್ರಮೀಳಾ. ಎಲ್ಲರೂ ಮೇಡಂ ಎನ್ನುತ್ತಿದ್ದೆವು. ಕುಳ್ಳಗಿದ್ದರು, ಸ್ಟೂಲಿನ ಮೇಲೆ ನಿಂತು ಆಪರೇಷನ್ ಮಾಡುತ್ತಿದ್ದರು. ಥಿಯೇಟರಿನಲ್ಲಿ ಅವರದು ಒಂದೇ ನಿಯಮ: ಚಾಕು ಕೈಗೆ ತೆಗೆದುಕೊಂಡ ಮೇಲೆ ಯಾರೂ ಮಾತನಾಡಬಾರದು. ನಾನು ಟ್ರೇ ಹಿಡಿದು ಕುತ್ತಿಗೆಯನ್ನೇ ನೋಡುತ್ತಾ ನಿಂತಿದ್ದೆ.

"ಸುಶೀಲಾ, ಏನ್ ನೋಡ್ತಿದೀಯಾ?"

"ಎಲ್ಲಿ ಕುಯ್ತೀರಾ ಅಂತ, ಮೇಡಂ."

"ಅದನ್ನ ನಾನು ನೋಡ್ತೀನಿ. ನೀನು ಕಿವಿ ಕೊಟ್ಟು ಕೇಳು."

ಅವನನ್ನು ಒರಗಿಸಿ ಕೂರಿಸಿಕೊಂಡೇ, ಚರ್ಮಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಮೇಡಂ ಕುತ್ತಿಗೆಯ ನಡುವೆ ಮೇಲಿಂದ ಕೆಳಗೆ ಗೀರಿದರು. ಬೆರಳಿನಿಂದ ತಡವಿ ತಡವಿ ಒಳಗೆ ಹೋದರು. ಆಮೇಲೆ ಔಷಧಿ ತುಂಬಿದ ಸಿರಿಂಜಿನ ಸೂಜಿ ಚುಚ್ಚಿ ಹಿಂದಕ್ಕೆಳೆದರು. ಸಿರಿಂಜಿನಲ್ಲಿ ಗುಳ್ಳೆಗಳೆದ್ದವು. ಗುಳ್ಳೆ ಬಂದರೆ ಅದು ಗಾಳಿಯ ಕೊಳವೆ, ರಕ್ತ ಬಂದರೆ ಅಲ್ಲ. ಚಾಕುವಿನ ತುದಿ ಅಲ್ಲೇ ಇಳಿಯಿತು.

ಆಗ ಕೇಳಿಸಿತು. ಮೊದಲು ಸುಯ್ಯೆಂದು ಒಂದು ಎಳೆತ, ಸೈಕಲ್ ಟ್ಯೂಬಿಗೆ ಗಾಳಿ ಹೊಕ್ಕ ಹಾಗೆ. ಮರುಕ್ಷಣ ಜೋರಾದ ಕೆಮ್ಮು. ಮೇಡಂ ಕನ್ನಡಕದ ಮೇಲೆಲ್ಲ ರಕ್ತದ ಹನಿ. ಕೊಳವೆ ಒಳಗೆ ಕೂತಿತು. ಗರಗಸದ ಸದ್ದು ನಿಂತುಹೋಯಿತು. ನೀಲಿಗಟ್ಟಿದ್ದ ಉಗುರುಗಳಿಗೆ ನಮ್ಮ ಕಣ್ಣೆದುರಿಗೇ ಬಣ್ಣ ಬಂತು. ನಾನು ಹೊಲಿಗೆಯ ದಾರ ಕೊಡುವಷ್ಟರಲ್ಲಿ ಅವನು ನಿದ್ದೆ ಹೋಗಿದ್ದ. ನಿದ್ದೆ ಬರಿಸುವ ಔಷಧಿ ನಾವೇನೂ ಕೊಟ್ಟಿರಲಿಲ್ಲ. ಉಸಿರಾಡುವುದಕ್ಕಾಗಿ ಅಷ್ಟು ದಿನ ದುಡಿದ ದೇಹ, ದುಡಿಮೆ ಬೇಡವಾದ ಕೂಡಲೇ ಮಲಗಿಬಿಟ್ಟಿತು.

ಹೊರಗೆ ತಂದಾಗ ಸದ್ದಿಲ್ಲದೆ ಮಲಗಿದ ಮಗನನ್ನು ನೋಡಿ ತಾಯಿ ಗೋಡೆ ಹಿಡಿದುಕೊಂಡರು. "ಮರ್‌ಗಯಾ ಕ್ಯಾ ಮೇರಾ ಬಚ್ಚಾ?" ಸತ್ತುಹೋದನಾ ನನ್ನ ಮಗ ಎಂದು ಕೇಳಿದರು.

"ಸೋರಾ ಅಮ್ಮಾ, ಸೋರಾ," ಎಂದರು ಮೇಡಂ. ನಿದ್ದೆ ಮಾಡ್ತಿದಾನೆ. ಆಕೆಯ ಕೈಯನ್ನು ಹಿಡಿದು ಕೊಳವೆಯ ಬಾಯಿಯ ಮುಂದೆ ಇಟ್ಟರು. ಬೆಚ್ಚಗಿನ ಗಾಳಿ ಅಂಗೈಗೆ ತಾಗಿದಾಗ ಆ ತಾಯಿಯ ಮುಖ ಬದಲಾದ ರೀತಿಯನ್ನು ನಾನು ಬರೆಯಲಾರೆ. ಆಮೇಲೆ ಎಷ್ಟೋ ತಾಯಂದಿರ, ಹೆಂಡತಿಯರ ಕೈಯನ್ನು ನಾನೂ ಹಾಗೆಯೇ ಹಿಡಿದು ಇಟ್ಟಿದ್ದೇನೆ. ನೀವೂ ಇಡಿ. ಹೇಳಿದರೆ ನಂಬದವರು ಅಂಗೈಗೆ ತಾಗಿದರೆ ನಂಬುತ್ತಾರೆ.

ಇನ್ನೊಂದು ಮಾತನ್ನು ಮೇಡಂ ನಮಗೆ ಬೈದು ಕಲಿಸಿದರು. ಒಮ್ಮೆ ಗಂಟಲು ಬಾತ ಒಬ್ಬ ರೋಗಿಯ ಹತ್ತಿರ ನನ್ನ ಜೊತೆಯ ನರ್ಸ್ ಎಸ್ತರ್ ಕೂತಿದ್ದಳು. ಕಾಕ್ಸ್ ಟೌನಿನವಳು, ಮನೆಮಾತು ತಮಿಳು, ನನ್ನ ವಯಸ್ಸಿನವಳೇ ಆದರೂ ನನ್ನನ್ನು ಅಕ್ಕಾ ಎನ್ನುತ್ತಿದ್ದಳು. "ಮೇಡಂ, ಸದ್ದು ಕಮ್ಮಿ ಆಗಿದೆ, ಪಾಪ ಸ್ವಲ್ಪ ಆರಾಮಾಗಿದಾರೆ," ಎಂದು ಸಂತೋಷದಿಂದ ಹೇಳಿದಳು. ಮೇಡಂ ಕೈಯಲ್ಲಿದ್ದ ಕಾಫಿ ಲೋಟವನ್ನು ಹಾಗೇ ಬಿಟ್ಟು ಓಡಿದರು. ಆ ರೋಗಿ ಉಳಿದರು. ಸಂಜೆ ಮೇಡಂ ಎಸ್ತರಳನ್ನು ಕರೆದು ಹೇಳಿದರು: "ಸದ್ದು ಇದ್ರೆ ಗಾಳಿ ಹೋಗ್ತಿದೆ ಅಂತ. ಸದ್ದು ನಿಂತ್ರೆ ಹೋಗ್ತಿಲ್ಲ ಅಂತ. ಆರಾಮಲ್ಲಮ್ಮಾ ಅದು, ಸೋತಿರೋದು."

ಈಗ ನಿಮ್ಮ ವಾರ್ಡಿನಲ್ಲಿ ಪ್ರತಿ ಹಾಸಿಗೆಗೂ ಮೆಷಿನ್ ಇದೆ, ಅದು ಬಡಿದುಕೊಂಡು ಕರೆಯುತ್ತದೆ. ಒಳ್ಳೆಯದೇ. ಆದರೂ ಒಂದು ಕಿವಿ ರೋಗಿಯ ಕಡೆಗೂ ಇರಲಿ.

ನಮ್ಮಲ್ಲಿ ಆದ ದೊಡ್ಡ ಎಡವಟ್ಟು ಚಾಕುವಿನಿಂದ ಆದದ್ದಲ್ಲ, ಮಾತಿನಿಂದ. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಕೆ.ಆರ್. ಪುರದಲ್ಲಿ ಒಂದು ರೂಮಿನಲ್ಲಿದ್ದ ಕುಟುಂಬ. ಮಲ್ಲಮ್ಮ ಎಂಬ ಹೆಂಗಸಿಗೆ ಗಂಟಲೊಳಗೆ ಬಾವು ಬಂದು ಉಸಿರು ಕಟ್ಟುತ್ತಿತ್ತು. ಅಣ್ಣ ಬಸಣ್ಣ ಕರೆತಂದಿದ್ದ. ಹೊಸದಾಗಿ ಬಂದಿದ್ದ ಡಾಕ್ಟರ್ ಹುಡುಗ ಒಳ್ಳೆಯವನು, ಓದಿದವನು, ಅವಸರದಲ್ಲಿದ್ದ. ಇಂಗ್ಲಿಷಿನಲ್ಲಿ ಇದ್ದದ್ದನ್ನು ಕನ್ನಡ ಮಾಡಿ, "ನೋಡಪ್ಪಾ, ಕುತ್ತಿಗೆ ಕುಯ್ಯಬೇಕು, ಇಲ್ಲಿ ಹೆಬ್ಬೆಟ್ಟೊತ್ತು," ಎಂದುಬಿಟ್ಟ.

ಬಸಣ್ಣ ಅವನನ್ನೇ ನೋಡಿದ. "ಕುತ್ತಿಗಿ ಕೊಯ್ತೀರಾ? ಕುತ್ತಿಗಿ ಕೊಯ್ಯೋ ಮಂದಿ ನಮ್ಮೂರಾಗೇ ಬೇಕಾದಷ್ಟು ಅದಾರ್ರೀ. ಅದಕ್ಕ ಇಲ್ಲಿತನಾ ಬರಬೇಕಿತ್ತೇನು?" ಎಂದವನೇ ತಂಗಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಟ. ಡಾಕ್ಟರ್ ಹುಡುಗನಿಗೆ ತಾನು ಏನಂದೆ ಎನ್ನುವುದೇ ತಿಳಿಯಲಿಲ್ಲ.

ಮೇಡಂ ಥಿಯೇಟರಿನ ಚಪ್ಪಲಿಯಲ್ಲೇ ಗೇಟಿನವರೆಗೆ ಓಡಿದರು. ನಾನು ಹಿಂದೆ. ಬಸಣ್ಣ ಆಟೋ ಕರೆಯುತ್ತಿದ್ದ. ಮೇಡಂ ಅವನ ಮುಂದೆ ಏದುಸಿರು ಬಿಡುತ್ತಾ ನಿಂತರು.

"ತಮ್ಮಾ, ನಿಮ್ಮನೆ ಬಾಗಿಲು ಜಾಮ್ ಆಗಿ, ನಿನ್ ತಂಗಿ ಒಳಗೆ ಸಿಕ್ಕೊಂಡ್ರೆ ಏನ್ ಮಾಡ್ತೀಯಾ?"

"ಬಾಗಲಾ ಒಡೀತೀನ್ರೀ."

"ಬಾಗಿಲು ಒಡೆಯೋಕಾಗಲ್ಲ, ಬಾತಿದೆ. ನಾನು ಪಕ್ಕದಲ್ಲಿ ಒಂದು ಕಿಟಕಿ ಇಡ್ತೀನಿ. ಉಸಿರು ಕಿಟಕಿಯಿಂದ ಬರ್ಲಿ, ಹೋಗ್ಲಿ. ಬಾವು ಇಳಿದು ಬಾಗಿಲು ತೆಗೆದ ದಿನ ಕಿಟಕಿ ಮುಚ್ಚಿಬಿಡ್ತೀನಿ. ತಾನೇ ಕೂಡ್ಕೊಳತ್ತೆ."

ಬಸಣ್ಣ ತಂಗಿಯ ಮುಖ ನೋಡಿದ. ಅವಳಿಗೆ ಮಾತನಾಡಲು ಉಸಿರಿರಲಿಲ್ಲ. ತಲೆ ಮಾತ್ರ ಆಡಿಸಿದಳು. "ಕಿಡಕಿ ಅಂತ ಮೊದಲಽ ಹೇಳಬಾರದೇನ್ರೀ ಆ ಹುಡುಗ," ಎನ್ನುತ್ತಾ ಅವನು ಹಿಂದಕ್ಕೆ ತಿರುಗಿದ. ಮಲ್ಲಮ್ಮ ಕೆಲವು ದಿನಗಳಲ್ಲಿ ಕೊಳವೆ ತೆಗೆಸಿಕೊಂಡು, ಕುತ್ತಿಗೆಗೆ ಸೆರಗು ಸುತ್ತಿಕೊಂಡು ಮನೆಗೆ ಹೋದಳು.

ಅಂದಿನಿಂದ ನಮ್ಮ ವಾರ್ಡಿನಲ್ಲಿ ಆ ಆಪರೇಷನ್ನಿಗೆ ಕಿಟಕಿ ಎಂದೇ ಹೆಸರಾಯಿತು. ಶಿವಾಜಿನಗರದವರಿಗೆ ಖಿಡ್ಕಿ ಎನ್ನುತ್ತಿದ್ದೆವು, ಹಲಸೂರಿನ ತಮಿಳರಿಗೆ ಜನ್ನಲ್. ಮೂರು ಭಾಷೆಯಲ್ಲೂ ಜನ ಕೂಡಲೇ ತಲೆಯಾಡಿಸುತ್ತಿದ್ದರು. ಉಸಿರು ಕಟ್ಟಿದವನಿಗೆ ಕಿಟಕಿ ಬೇಡ ಎನ್ನುವವರು ಯಾರಿದ್ದಾರೆ?

ಆದರೆ ಆ ಮಾತಿನಲ್ಲಿ ಬಾರದ ಒಂದು ಸಂಗತಿ ಇತ್ತು. ಉಸಿರು ಕಿಟಕಿಯಿಂದ ಹೋಗಿಬಿಟ್ಟರೆ ದನಿಪೆಟ್ಟಿಗೆಯವರೆಗೆ ಏರುವುದಿಲ್ಲ. ದನಿ ಬರುವುದಿಲ್ಲ. ಅದು ನನಗೆ ಸರಿಯಾಗಿ ಅರ್ಥವಾದದ್ದು ಸೆಲ್ವಿ ಎಂಬ ಮಗುವಿನಿಂದ. ಗಂಟಲಲ್ಲಿ ನರುಲಿಯಂಥ ಗಂಟುಗಳು ಬೆಳೆದು ಅವಳಿಗೆ ಕಿಟಕಿ ಇಡಬೇಕಾಯಿತು. ಎಚ್ಚರವಾದ ಮೇಲೆ ಅವಳು ಅತ್ತಳು. ಬಾಯಿ ಪೂರ್ತಿ ತೆರೆದಿದೆ, ಕಣ್ಣಿನಿಂದ ನೀರು ಇಳಿಯುತ್ತಿದೆ, ಮೈಯೆಲ್ಲ ಅಲುಗುತ್ತಿದೆ, ಸದ್ದು ಮಾತ್ರ ಇಲ್ಲ. ನಾವು ಬೆನ್ನು ತಿರುಗಿಸಿ ಕೆಲಸ ಮಾಡುತ್ತಿದ್ದರೆ ಅವಳು ಅಳುತ್ತಿರುವುದೇ ತಿಳಿಯುತ್ತಿರಲಿಲ್ಲ. ಎಸ್ತರ್ ಒಂದು ಸ್ಟೀಲ್ ಲೋಟ, ಚಮಚ ತಂದು ಅವಳ ಕೈಗೆ ಕೊಟ್ಟಳು. ಅಳು ಬಂದಾಗ ಅವಳು ಲೋಟ ಬಡಿಯುತ್ತಿದ್ದಳು. ಆಮೇಲೆ ಕಿಟಕಿ ಇಟ್ಟ ಎಲ್ಲರ ಹಾಸಿಗೆಯ ಪಕ್ಕದಲ್ಲೂ ಲೋಟ, ಚಮಚ ಬಂತು. ಹೊಸಬರು ವಾರ್ಡಿಗೆ ಕಾಲಿಟ್ಟರೆ ಪಾತ್ರೆ ಅಂಗಡಿಯೋ ಎಂದುಕೊಳ್ಳಬೇಕು.

ಬಹಳ ತಿಂಗಳ ಚಿಕಿತ್ಸೆಯ ನಂತರ ಸೆಲ್ವಿಯ ಕೊಳವೆ ತೆಗೆದು ಮೇಲೆ ಬಟ್ಟೆ ಒತ್ತಿದೆವು. ನೋವಿಗೆ ಅವಳು ಕಿರುಚಿದಳು. ಒಡೆದ, ಒರಟಾದ ದನಿ. ತಾಯಿ ಅವಳನ್ನು ಸಮಾಧಾನ ಮಾಡಲಿಲ್ಲ. ಎದುರಿಗೆ ಕೂತು, "ಅಳು ಕಣ್ಣು, ಇನ್ನುಂ ಅಳು," ಅಳು ಕಂದಾ, ಇನ್ನೂ ಅಳು ಎಂದು ತಮಿಳಿನಲ್ಲಿ ಬೇಡಿಕೊಳ್ಳುತ್ತಿದ್ದಳು. ಇಡೀ ವಾರ್ಡು ಕೆಲಸ ಬಿಟ್ಟು ಆ ಅಳುವನ್ನು ಕೇಳುತ್ತಾ ನಿಂತಿತು.

ಇನ್ನು ಆ ಭಾನುವಾರದ ಮರುದಿನ.

ಸೋಮವಾರ ಬೆಳಿಗ್ಗೆ ನಾನು ಡ್ಯೂಟಿಯಲ್ಲಿದ್ದೆ. ಆಸ್ಪತ್ರೆಯ ಗೇಟಿನ ಕಡೆಯಿಂದ ಬಸ್ಸಿನ ಹಾರನ್ ಎಡೆಬಿಡದೆ ಕೇಳುತ್ತಿತ್ತು. ಎಸ್ತರ್ ಕಿಟಕಿಯಿಂದ ನೋಡಿ, "ಅಕ್ಕಾ, ಯಾರೋ ಸಿಟಿ ಬಸ್ಸನ್ನೇ ಒಳಗೆ ತಂದ್ಬಿಟ್ಟಿದಾರೆ," ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿದಳು.

ಆದದ್ದನ್ನು ನಮ್ಮ ಯಜಮಾನರ ಬಸ್ಸಿನ ಡ್ರೈವರ್ ಮುನಿಯಪ್ಪ ಆಮೇಲೆ ಹೇಳಿದ. ಕೆ.ಆರ್. ಪುರದಿಂದ ವಾಪಸು ಬರುತ್ತಿದ್ದರು. ಟಿನ್ ಫ್ಯಾಕ್ಟರಿಯ ಹತ್ತಿರ ಧೂಳು, ಲಾರಿ ಹೊಗೆ, ಇವರಿಗೆ ಕೆಮ್ಮು ಹತ್ತಿಕೊಂಡಿತು. ಇಂದಿರಾನಗರದಲ್ಲಿ ಜನ ಇಳಿದರು, ಹತ್ತಿದರು. "ಎರಡು ವಿಷಲ್ ಬೀಳ್ಬೇಕಲ್ಲಾ ಸಿಸ್ಟರ್, ಬೀಳ್ಲಿಲ್ಲ. ಎಲ್ಲಾರೂ ಹತ್ತಿ ಆಗೈತೆ, ಇವನೇನ್ ಮಾಡ್ತಾವ್ನೆ ಅಂತ ಕನ್ನಡೀಲಿ ನೋಡ್ದೆ. ವಿಷಲ್ ಬಾಯಲ್ಲೇ ಐತೆ. ಊದ್ತಾವ್ನೆ. ಸದ್ದಿಲ್ಲ."

ಅಲ್ಲಿಂದ ಮುನಿಯಪ್ಪ ಯಾವ ಸ್ಟಾಪಿನಲ್ಲೂ ನಿಲ್ಲಿಸಲಿಲ್ಲ. ಹಲಸೂರಿನಲ್ಲಿ ಇಳಿಯಬೇಕಾದವರು ಒಬ್ಬರೂ ಇಳಿಯುತ್ತೇವೆ ಎನ್ನಲಿಲ್ಲವಂತೆ. ಮೀನಿನ ಬುಟ್ಟಿ ಇಟ್ಟುಕೊಂಡಿದ್ದ ಒಬ್ಬ ಹೆಂಗಸು ಇವರನ್ನು ಹಿಂದಿನಿಂದ ಹಿಡಿದು ಕೂರಿಸಿಕೊಂಡಿದ್ದಳು. ಅವಳ ಹೆಸರು ನನಗೆ ತಿಳಿಯಲಿಲ್ಲ. ಇವರ ಖಾಕಿ ಅಂಗಿಗೆ ಆ ವಾಸನೆ ಬಹಳ ದಿನ ಇತ್ತು, ನಾನು ತೊಳೆಯಲು ಹಾಕಲಿಲ್ಲ.

ಸ್ಟ್ರೆಚರ್ ಬೇಡವೆಂದು ಗಾಲಿಕುರ್ಚಿಯಲ್ಲಿ ಕೂತೇ ಬಂದರು. ಕೈಗಳನ್ನು ಮಂಡಿಗೆ ಊರಿ, ಮುಂದಕ್ಕೆ ಬಾಗಿ. ಆ ಭಂಗಿಯನ್ನು ಎಷ್ಟೋ ಜನರಲ್ಲಿ ನೋಡಿದ್ದೆ. ಗರಗಸದ ಸದ್ದು ಕಾರಿಡಾರಿನ ತುದಿಯಿಂದಲೇ ನನ್ನ ಕಿವಿಗೆ ಬಿದ್ದಿತ್ತು. ಯಾರದೆಂದು ಗೊತ್ತಾಗಿರಲಿಲ್ಲ. ನನ್ನನ್ನು ಕಂಡು ಏನೋ ಹೇಳಲು ಬಾಯಿ ತೆರೆದರು. ನಾನು ಎಲ್ಲ ರೋಗಿಗಳಿಗೂ ಹೇಳುವುದನ್ನೇ ಹೇಳಿದೆ: "ಮಾತಾಡ್ಬೇಡಿ. ಉಸಿರು ಉಳಿಸ್ಕೊಳ್ಳಿ."

ಮೇಡಂ ಕನ್ನಡಿ ಹಿಡಿದು ಗಂಟಲೊಳಗೆ ನೋಡಿದರು. ದನಿಪೆಟ್ಟಿಗೆಯ ಮೇಲೆ ಗಡ್ಡೆ, ಅದರ ಸುತ್ತ ಬಾವು. ನನ್ನ ಕಡೆ ತಿರುಗಿ, ಬೇರೆಯವರ ಹೆಂಡತಿಯರಿಗೆ ಹೇಳುವ ಸ್ವರದಲ್ಲೇ ಹೇಳಿದರು. "ಸುಶೀಲಾ, ಕಿಟಕಿ ಇಡಬೇಕಮ್ಮಾ."

ನಾನು ತಲೆಯಾಡಿಸಿದೆ. ಎಲ್ಲರೂ ಆಡಿಸುವ ಹಾಗೆಯೇ.

"ಹೊರಗಿರ್ತೀಯಾ?"

"ಇಲ್ಲ ಮೇಡಂ."

"ಹಾಗಾದ್ರೆ ತಲೆ ಹಿಡ್ಕೋ. ಟ್ರೇ ಎಸ್ತರ್ ಹಿಡೀಲಿ."

ನಾನು ಅವರ ಹಿಂದೆ ನಿಂತು ಎರಡೂ ಕೈಯಿಂದ ತಲೆ ಹಿಡಿದುಕೊಂಡೆ. ಮುಖ ಕಾಣುತ್ತಿರಲಿಲ್ಲ. ನಡುನೆತ್ತಿಯಲ್ಲಿ ಕೂದಲು ತೆಳ್ಳಗಾಗಿದ್ದದ್ದು ಕಾಣುತ್ತಿತ್ತು. ಮೇಡಂ ಗೀರಿದರು. ಆಗ ಸದ್ದು ನಿಂತಿತು.

ಅದು ನಿಂತದ್ದನ್ನು ಆ ಕೋಣೆಯಲ್ಲಿ ಇದ್ದ ಮೂವರೂ ಕೇಳಿದೆವು. ನನ್ನ ಕೈಯಲ್ಲಿದ್ದ ತಲೆ ಭಾರವಾಯಿತು. ಮೇಡಂ ಗುಳ್ಳೆ ನೋಡಲು ಸಿರಿಂಜ್ ಕೇಳಲಿಲ್ಲ. ಎಡಗೈಯ ತೋರುಬೆರಳನ್ನು ಗಾಯದೊಳಗೆ ಇಟ್ಟು, ಕಣ್ಣು ಮುಚ್ಚಿಕೊಂಡರು. ಹೌದು, ಮುಚ್ಚಿಕೊಂಡರು. ಗಾಳಿಯ ಕೊಳವೆಯ ಉಂಗುರಗಳನ್ನು ಬೆರಳಿನಿಂದಲೇ ಎಣಿಸಿ, ಬೆರಳಿನ ಪಕ್ಕದಲ್ಲೇ ಚಾಕು ಇಳಿಸಿದರು. ಏನೂ ಇಲ್ಲ. ಎಸ್ತರ್ ಕೊಳವೆ ಕೊಟ್ಟಳು. ಏನೂ ಇಲ್ಲ. ಮೇಡಂ ಇವರ ಎದೆಯನ್ನು ಅಂಗೈಯಿಂದ ಒತ್ತಿ ಬಿಟ್ಟರು.

ಸುಯ್ಯೆಂದು ಉಸಿರು ಒಳಗೆ ಹೋಯಿತು.

ಆಮೇಲೆ ಕೆಮ್ಮು. ಎಸ್ತರ್ ತನ್ನ ಭಾಷೆಯಲ್ಲಿ ದೇವರ ಹೆಸರು ಹೇಳಿದಳು. ಮೇಡಂ ನನ್ನ ಒಂದು ಕೈಯನ್ನು ಬಿಡಿಸಿ, ಮುಂದಕ್ಕೆಳೆದು, ಕೊಳವೆಯ ಬಾಯಿಯ ಮುಂದೆ ಇಟ್ಟರು. ಬೆಚ್ಚಗಿತ್ತು. ಅಷ್ಟು ವರ್ಷ ಆ ಕೆಲಸ ಮಾಡಿದ್ದೆ. ಅಂಗೈಗೆ ಏನು ತಾಗುತ್ತದೆ ಎಂದು ಆವತ್ತು ತಿಳಿಯಿತು. ಮನುಷ್ಯನ ಒಳಗೂ ಹೊರಗೂ ಓಡಾಡುವ ಅಷ್ಟು ಗಾಳಿ. ಅದಕ್ಕೆ ತೂಕವಿಲ್ಲ, ಬಣ್ಣವಿಲ್ಲ, ನನ್ನ ಸಂಸಾರವೆಲ್ಲ ಅದರ ಮೇಲೆ ನಿಂತಿತ್ತು. ಅವರು ನಿದ್ದೆ ಹೋದರು.

ಎಚ್ಚರವಾದ ಮೇಲೆ ವಾರ್ಡಿನ ಸ್ಲೇಟು ಕೊಟ್ಟು, "ಬಂದಾಗ ಏನೋ ಹೇಳಕ್ಕೆ ಹೋದ್ರಲ್ಲಾ, ಏನು?" ಎಂದು ಕೇಳಿದೆ. ಬಹಳ ಹೊತ್ತು ಯೋಚಿಸಿ ಬರೆದರು: "ಬಸ್ಸು ಗೇಟಿಗೆ ಅಡ್ಡ ನಿಂತಿದೆ. ಆಂಬುಲೆನ್ಸ್ ಬರಕ್ಕಾಗಲ್ಲ. ತೆಗೆಸು."

ನಾನು ಅಲ್ಲೇ ಕೂತು ನಕ್ಕೆ. ಆಮೇಲೆ ಎಸ್ತರ್ ನನ್ನನ್ನು ಹೊರಗೆ ಕರೆದುಕೊಂಡು ಹೋದಳು.

ಅವರ ಬಾಗಿಲು ಮತ್ತೆ ತೆರೆಯಲಿಲ್ಲ. ಗಡ್ಡೆ ಕೆಟ್ಟದ್ದಾಗಿತ್ತು. ದನಿಪೆಟ್ಟಿಗೆಯನ್ನು ಪೂರ್ತಿ ತೆಗೆದು, ಕಿಟಕಿಯನ್ನೇ ಶಾಶ್ವತ ಮಾಡಬೇಕಾಯಿತು. ಆ ಆಪರೇಷನ್ನಿಗೂ ಮೇಡಂ ಇದ್ದರು. ಇವರು ಮತ್ತೆ ಕೆಲಸಕ್ಕೆ ಹೋದರು, ಬಸ್ಸಿಗಲ್ಲ, ಡಿಪೋ ಆಫೀಸಿಗೆ. ಕುತ್ತಿಗೆಗೆ ನಾನು ಹೊಲಿದ ಬಿಳಿ ಬಟ್ಟೆಯ ತುಂಡು ಕಟ್ಟಿಕೊಳ್ಳುತ್ತಿದ್ದರು. ಮುನಿಯಪ್ಪ ಮನೆಗೆ ಬಂದಾಗ, "ಈಗ ನಿನ್ ಕೈಲಿ ಬೈಸ್ಕೊಳ್ಳೋ ಹಂಗಿಲ್ಲ ಗುರು, ಆರಾಮಾಗೈತೆ," ಎಂದು ರೇಗಿಸುತ್ತಿದ್ದ. ಇವರು ಎರಡೂ ಕೈಯಲ್ಲಿ ಬೈಯುತ್ತಿದ್ದರು.

ಮನೆಯಲ್ಲೂ ಒಂದು ಸ್ಟೀಲ್ ಲೋಟ, ಚಮಚ. ಅದಕ್ಕೆ ಅವರು ಬಸ್ಸಿನ ಲೆಕ್ಕವನ್ನೇ ಇಟ್ಟುಕೊಂಡರು. ಒಂದು ಸಲ ಬಡಿದರೆ ನಿಲ್ಲು, ಎರಡು ಸಲ ಬಡಿದರೆ ರೈಟ್, ಹೋಗು. ಅಡುಗೆಮನೆಯಲ್ಲಿ ಒಂದು ಬಡಿತ ಕೇಳಿದರೆ ನಾನು ಕೈ ಒರೆಸಿಕೊಂಡು ಬರುತ್ತಿದ್ದೆ. ನಾನು ಡ್ಯೂಟಿಗೆ ಹೊರಟಾಗ ಬಾಗಿಲವರೆಗೆ ಬಂದು ಎರಡು ಸಲ ಬಡಿಯುತ್ತಿದ್ದರು. ಗಲ್ಲಿಯ ಮಕ್ಕಳಿಗೆಲ್ಲ ಅದು ಗೊತ್ತಾಗಿ, ನಾನು ಹೋಗುವಾಗ "ರೈಟ್ ರೈಟ್" ಎನ್ನುತ್ತಿದ್ದವು. ಕೆಲವು ವರ್ಷ ಹಾಗೆ ಬದುಕಿದೆವು, ಚೆನ್ನಾಗಿಯೇ ಬದುಕಿದೆವು. ಕೊನೆಗೆ ಗಡ್ಡೆ ಎದೆಗೆ ಹೋಯಿತು. ಕಿಟಕಿ ಕೊನೆಯ ದಿನದವರೆಗೂ ತೆರೆದೇ ಇತ್ತು. ಅದನ್ನು ಶುಚಿ ಮಾಡುವ ಕೆಲಸವನ್ನು ನಾನು ಯಾರಿಗೂ ಬಿಟ್ಟುಕೊಡಲಿಲ್ಲ.

ಈಗ ನಿಮ್ಮ ಕೊಳವೆಗಳು ಮೆತ್ತನೆಯ ಪ್ಲಾಸ್ಟಿಕ್ಕಿನವು. ನಮ್ಮ ಕಾಲದ ಲೋಹದ ಕೊಳವೆಗಳನ್ನು ಕುದಿಸಿ, ಉಜ್ಜಿ, ಮತ್ತೆ ಹಾಕುತ್ತಿದ್ದೆವು. ಕೆಲವು ಕಡೆ ಸೂಜಿ, ತಂತಿಯಲ್ಲೇ ದಾರಿ ಮಾಡಿ, ಪರದೆಯ ಮೇಲೆ ನೋಡುತ್ತಾ ಕೊಳವೆ ಇಳಿಸುತ್ತಾರಂತೆ. ಕಲಿಯಿರಿ. ಕೊಳವೆಯ ಲಾಡಿಯನ್ನು ಕುತ್ತಿಗೆಗೆ ಕಟ್ಟುವಾಗ ಒಂದು ಬೆರಳು ಹೋಗುವಷ್ಟು ಜಾಗ ಬಿಡಿ. ಇನ್ನೊಂದು ಕೊಳವೆ ತಲೆದೆಸೆಯಲ್ಲೇ ಇರಲಿ. ಕಿಟಕಿ ಎಂದು ಹೇಳಿ, ಆದರೆ ದನಿಯ ವಿಷಯವನ್ನೂ ಹೇಳಿ. ಒಂದು ನಿಮಿಷ ಸಮಯವಿದ್ದರೆ, ಉಸಿರಿದ್ದರೆ, ರೋಗಿಯಿಂದ ಮನೆಯವರ ಹತ್ತಿರ ಒಂದು ಮಾತು ಆಡಿಸಿ. ಸಮಯವಿಲ್ಲದಿದ್ದರೆ ಬೇಡ. ಉಸಿರೇ ಮೊದಲು. ಅದರಲ್ಲಿ ನನಗೆ ಇವತ್ತಿಗೂ ಎರಡು ಮಾತಿಲ್ಲ.

ಮೇಡಂ ನನಗೆ ಕೇಳುವುದನ್ನು ಕಲಿಸಿದರು. ಆ ಟೈಲರ್ ಹುಡುಗನ ಮೊದಲ ಉಸಿರು, ಮಲ್ಲಮ್ಮನದು, ಸೆಲ್ವಿಯ ಒಡೆದ ಅಳು, ಎಲ್ಲ ನನ್ನ ಕಿವಿಯಲ್ಲಿವೆ. ಆ ಸೋಮವಾರ ನನ್ನ ಕೈಗಳ ನಡುವೆ ಒಳಗೆ ಹೋದ ಉಸಿರೂ ಇದೆ. ಲೋಟದ ಒಂದು ಬಡಿತ, ಎರಡು ಬಡಿತ ಇವೆ. ಭಾನುವಾರ ಅವರು ಬಾಗಿಲಲ್ಲಿ ನಿಂತು ಹೇಳಿದ ಮಾತುಗಳನ್ನು ಮೇಲೆ ಬರೆದಿದ್ದೇನೆ, ಒಂದಕ್ಷರ ತಪ್ಪಿಲ್ಲ. ನಮ್ಮ ಮನೆಯಲ್ಲಿ ಫೋಟೋಗಳಿವೆ. ಟೇಪಿನಲ್ಲಾಗಲಿ ಬೇರೆ ಯಾವುದರಲ್ಲಾಗಲಿ ಅವರ ದನಿ ಹಿಡಿದಿಟ್ಟಿಲ್ಲ. ಮಗಳನ್ನೂ ಕೇಳಿದೆ. ಅವಳಿಗೂ ಮಾತು ನೆನಪಿದೆ.

ದನಿ ನೆನಪಿಗೆ ಬರುತ್ತಿಲ್ಲ.